ನಕ್ಷೆಯಲ್ಲಿ ಕಾಣದ ವೆಂಟಿಲೇಟರ್

ಮನೆಯ ಪ್ಲಾನ್ ಎಂದರೆ ಮೇಲಿನಿಂದ ನೋಡಿದ ಚಿತ್ರ ಎಂದೇ ಹೆಚ್ಚಿನವರು ತಿಳಿದಿರುತ್ತಾರೆ. ನಿಜಕ್ಕೂ ಮೇಲಿನಿಂದ ನೋಡಿದರೆ ಕಾಣುವುದು ತಾರಸಿ, ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ ಅಷ್ಟೆ. ಪ್ಲಾನ್ ಬೇರೆಯೇ ಬಗೆಯದು. ಬೆಂಡೆಕಾಯಿಯನ್ನು ಅಡ್ಡಕ್ಕೆ ಹೆಚ್ಚಿದಾಗ ಒಳಗಿನ ಬೀಜದ ಕೋಣೆಗಳು ಕಾಣುವ ಹಾಗೆ, ಕಟ್ಟಡವನ್ನು ಒಂದು ಎತ್ತರದಲ್ಲಿ ಅಡ್ಡ ಕೊಯ್ದು, ಮೇಲಿನ ಭಾಗವನ್ನು ತೆಗೆದಿಟ್ಟು, ಉಳಿದದ್ದನ್ನು ನೋಡಿದರೆ ಸಿಗುವ ಚಿತ್ರ ಅದು. ಕೊಯ್ಯುವ ಎತ್ತರ ಬದಲಾದರೆ ಚಿತ್ರವೂ ಬದಲಾಗುತ್ತದೆ.

ಕೈಯಲ್ಲಿ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ಈ ಎತ್ತರದ ಲೆಕ್ಕ ಬರೆಯುವವರ ತಲೆಯಲ್ಲೇ ಇರುತ್ತಿತ್ತು. ಕಾಣಬೇಕಾದ ಕಿಟಕಿಯನ್ನು ಅವರು ಬರೆಯುತ್ತಿದ್ದರು, ಬೇಡವಾದದ್ದನ್ನು ಬಿಡುತ್ತಿದ್ದರು. 2002ರಲ್ಲಿ ಆಟೊಡೆಸ್ಕ್ ಕಂಪನಿ ಕೊಂಡುಕೊಂಡ ರೆವಿಟ್, ಹಂಗೆರಿಯ ಗ್ರಾಫಿಸಾಫ್ಟ್‌ನ ಆರ್ಕಿಕ್ಯಾಡ್ ಮುಂತಾದ ತಂತ್ರಾಂಶಗಳಲ್ಲಿ ಹಾಗಲ್ಲ. ಅಲ್ಲಿ ಗೋಡೆ ಬರೀ ಗೆರೆಯಲ್ಲ. ಉದ್ದ, ದಪ್ಪ, ಎತ್ತರ ಮೂರೂ ಇರುವ ವಸ್ತು. ಕಟ್ಟಡದ ಮಾದರಿ ಒಂದೇ. ಪ್ಲಾನ್, ಸೆಕ್ಷನ್, ಎಲಿವೇಶನ್ ಎಲ್ಲವೂ ಆ ಒಂದೇ ಮಾದರಿಯನ್ನು ನೋಡುವ ಬೇರೆ ಬೇರೆ ನೋಟಗಳು. ಆದ್ದರಿಂದ ಎಷ್ಟು ಎತ್ತರದಲ್ಲಿ ಕೊಯ್ಯಬೇಕು, ಎಷ್ಟು ಆಳದವರೆಗೆ ನೋಡಬೇಕು ಎಂಬುದನ್ನು ತಂತ್ರಾಂಶಕ್ಕೆ ಬಾಯಿಬಿಟ್ಟು ಹೇಳಲೇಬೇಕು.

ರೆವಿಟ್‌ನಲ್ಲಿ ಇದನ್ನು ಹೇಳುವ ಜಾಗಕ್ಕೆ ವ್ಯೂ ರೇಂಜ್ ಎಂದು ಹೆಸರು. ಅದರಲ್ಲಿ ನಾಲ್ಕು ಎತ್ತರಗಳಿವೆ: ಟಾಪ್, ಕಟ್ ಪ್ಲೇನ್, ಬಾಟಮ್, ವ್ಯೂ ಡೆಪ್ತ್. ಎಲ್ಲವನ್ನೂ ಅಳೆಯುವುದು ಮಹಡಿಯ ಮಟ್ಟದಿಂದ. ಮೆಟ್ರಿಕ್ ಟೆಂಪ್ಲೇಟ್‌ನಲ್ಲಿ ಕಟ್ ಪ್ಲೇನ್ ಸಾಮಾನ್ಯವಾಗಿ 1200 ಮಿಲಿಮೀಟರ್, ಎಂದರೆ ಹೆಚ್ಚುಕಡಿಮೆ ನಾಲ್ಕು ಅಡಿ. ಈ ಎತ್ತರದಲ್ಲಿ ಕೊಯ್ತಕ್ಕೆ ಸಿಕ್ಕಿದ ಗೋಡೆ, ಕಂಬಗಳು ದಪ್ಪ ಗೆರೆಯಲ್ಲಿ ಬರುತ್ತವೆ. ಅದರ ಕೆಳಗಿರುವ ಕಟ್ಟೆ, ಮಂಚ, ಸಿಂಕು ತೆಳು ಗೆರೆಯಲ್ಲಿ ಕಾಣುತ್ತವೆ. ಬಾಟಮ್‌ಗಿಂತಲೂ ಕೆಳಗೆ, ವ್ಯೂ ಡೆಪ್ತ್‌ವರೆಗಿನ ವಸ್ತುಗಳಿಗೆ ಬಿಯಾಂಡ್ ಎಂಬ ಪ್ರತ್ಯೇಕ ಗೆರೆ. ಮೊದಲ ಮಹಡಿಯ ಪ್ಲಾನ್‌ನಲ್ಲಿ ಕೆಳಮನೆಯ ಸಜ್ಜಾಗಳೂ ಕಾಣಬೇಕೆಂದರೆ ವ್ಯೂ ಡೆಪ್ತ್ ಅನ್ನು ಅಷ್ಟು ಕೆಳಗಿಳಿಸಬೇಕು.

1200 ಎಂಬ ಅಂಕಿಯ ಪರಿಣಾಮ ಮೆಟ್ಟಿಲಲ್ಲಿ ಚೆನ್ನಾಗಿ ಕಾಣುತ್ತದೆ. ಮಹಡಿಯಿಂದ ಮಹಡಿಗೆ 3000 ಮಿ.ಮೀ., ಒಂದೊಂದು ಮೆಟ್ಟಿಲು 150 ಮಿ.ಮೀ. ಎಂದಾದರೆ ಒಟ್ಟು ಇಪ್ಪತ್ತು ಏರು. ಹತ್ತು ಏರಿದ ಮೇಲೆ ನಡುವಿನ ಲ್ಯಾಂಡಿಂಗ್. ಕೊಯ್ತ ಬೀಳುವುದು ಎಂಟನೆಯ ಏರಿನ ಎತ್ತರದಲ್ಲಿ. ಪ್ಲಾನ್‌ನಲ್ಲಿ ಮೆಟ್ಟಿಲನ್ನು ಓರೆಯಾಗಿ ತುಂಡರಿಸುವ ಗೆರೆ ಬರುವುದು ಅಲ್ಲಿಯೇ.

ಇನ್ನು ಬಚ್ಚಲಮನೆಯ ವೆಂಟಿಲೇಟರ್. ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಹಾಲಿನ ಕಿಟಕಿ ಮೂರು ಅಡಿಯಿಂದ ಏಳು ಅಡಿಯವರೆಗೆ ಇರುತ್ತದೆ. ನಾಲ್ಕು ಅಡಿಯ ಕೊಯ್ತಕ್ಕೆ ಸಲೀಸಾಗಿ ಸಿಗುತ್ತದೆ. ವೆಂಟಿಲೇಟರ್ ಶುರುವಾಗುವುದೇ ಐದೂವರೆ ಅಡಿಗೆ. ಕೊಯ್ತ ಅದರ ಕೆಳಗೇ ಹಾದುಹೋಗುವುದರಿಂದ ಪ್ಲಾನ್‌ನಲ್ಲಿ ಅಲ್ಲಿ ಸಂದಿಲ್ಲದ ಗೋಡೆ ಕಾಣುತ್ತದೆ. ಮಾದರಿಯಲ್ಲಿ ವೆಂಟಿಲೇಟರ್ ಇದೆ, ಮೂರು ಆಯಾಮದ ಚಿತ್ರದಲ್ಲೂ ಇದೆ. ಆದರೆ ಗಾರೆ ಮೇಸ್ತ್ರಿಯ ಕೈಗೆ ಹೋಗುವುದು ಮಾದರಿಯಲ್ಲ, ಹಾಳೆ. ಹಾಳೆಯಲ್ಲಿ ಇಲ್ಲದ್ದಕ್ಕೆ ಅವರು ಜಾಗ ಬಿಟ್ಟಾರೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಇಟ್ಟಿಗೆ ಏರಿದ ಮೇಲೆ ಗೋಡೆ ಒಡೆಯುವ ಖರ್ಚು ಮನೆ ಕಟ್ಟಿಸುವವರ ತಲೆಗೆ ಬರುತ್ತದೆ.

ಇದಕ್ಕೆ ಮೊದಲು ಹೊಳೆಯುವ ಉಪಾಯ ಇಡೀ ಪ್ಲಾನ್‌ನ ಕಟ್ ಪ್ಲೇನ್ ಅನ್ನು ಆರು ಅಡಿಗೆ ಏರಿಸುವುದು. ವೆಂಟಿಲೇಟರ್ ಕಾಣುತ್ತದೇನೋ ಸರಿ, ಆದರೆ ಮೆಟ್ಟಿಲಿನ ತುಂಡುಗೆರೆ ಲ್ಯಾಂಡಿಂಗ್ ದಾಟಿ ಹನ್ನೆರಡನೆಯ ಏರಿಗೆ ಹೋಗುತ್ತದೆ. ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ತಗ್ಗು ಕಿಂಡಿ ಮುಚ್ಚಿದ ಗೋಡೆಯಾಗಿ ತೋರುತ್ತದೆ. ಸರಿಯಾದ ದಾರಿ ಪ್ಲಾನ್ ರೀಜನ್. ವೆಂಟಿಲೇಟರ್ ಇರುವಷ್ಟು ಗೋಡೆಯ ಸುತ್ತ ಒಂದು ಚೌಕ ಎಳೆದು, ಅದರೊಳಗೆ ಮಾತ್ರ ಕಟ್ ಪ್ಲೇನ್ ಅನ್ನು 1800ಕ್ಕೆ ಏರಿಸಬೇಕು. ಇಂಥ ಎರಡು ಚೌಕಗಳು ಅಂಚಿಗೆ ಅಂಚು ತಾಗಬಹುದು, ಒಂದರ ಮೇಲೊಂದು ಬೀಳಕೂಡದು. ಇಳಿಜಾರು ಜಾಗದಲ್ಲಿ ಅರ್ಧ ಮಹಡಿ ಮೇಲೆ ಕೆಳಗೆ ಕಟ್ಟಿದ ಮನೆಗಳಿಗೂ ಇದೇ ಮದ್ದು.

ಕಾಂಪೌಂಡ್ ಗೋಡೆಯದು ಇನ್ನೊಂದು ಗೊಂದಲ. ಐದು ಅಡಿ ಎತ್ತರದ ಕಾಂಪೌಂಡ್ ನಾಲ್ಕು ಅಡಿಯ ಕೊಯ್ತಕ್ಕೆ ಸಿಗಲೇಬೇಕು. ಆದರೂ ಅದು ತೆಳು ಗೆರೆಯಲ್ಲೇ ಬರುತ್ತದೆ. ಸುಮಾರು ಆರು ಅಡಿಗಿಂತ ಗಿಡ್ಡವಾದ ಗೋಡೆಯನ್ನು ಕೊಯ್ಯುವುದಿಲ್ಲ ಎಂಬುದು ರೆವಿಟ್‌ನ ನಿಯಮ. ಇದು ಗೊತ್ತಿಲ್ಲದೆ ಸೆಟ್ಟಿಂಗ್ ಹುಡುಕುತ್ತ ಗಂಟೆಗಟ್ಟಲೆ ಕಳೆಯುವವರಿದ್ದಾರೆ.

ಕಾಣದ ವಸ್ತುವಿಗೆಲ್ಲ ವ್ಯೂ ರೇಂಜ್ ಒಂದೇ ಕಾರಣವಲ್ಲ. ಯಾವುದು ಕಾಣಬೇಕು ಎಂದು ಹೇಳುವ ವಿಸಿಬಿಲಿಟಿ ಗ್ರಾಫಿಕ್ಸ್‌ನಲ್ಲಿ ಪೀಠೋಪಕರಣದಂಥ ಒಂದು ಇಡೀ ವರ್ಗವನ್ನೇ ಆಫ್ ಮಾಡಿಟ್ಟಿರಬಹುದು. ಯಾರೋ ಒಂದು ಕಂಬವನ್ನು ಮರೆಮಾಡಿ ಮರೆತಿರಬಹುದು. ಪರದೆಯ ಕೆಳಗಿನ ಬಲ್ಬಿನ ಗುರುತನ್ನು ಒತ್ತಿದರೆ ಹಾಗೆ ಅಡಗಿದ್ದು ಬೇರೆ ಬಣ್ಣದಲ್ಲಿ ಹೊರಬರುತ್ತದೆ. ವಸ್ತು ನೋಟದ ಅಂಚು ಕತ್ತರಿಸುವ ಕ್ರಾಪ್ ಚೌಕಟ್ಟಿನ ಆಚೆ ಉಳಿದಿರಲೂಬಹುದು. ವ್ಯೂ ರೇಂಜ್‌ಗೆ ಕೈಹಾಕುವ ಮೊದಲು ಈ ಮೂರನ್ನು ನೋಡಿಬಿಡುವುದು ಒಳ್ಳೆಯದು.

ಕೊಯ್ಯುವ ಎತ್ತರದಂತೆ ಸ್ಕೇಲ್ ಕೂಡ ಆಯಾ ನೋಟಕ್ಕೆ ಹೊಂದಿಸುವಂಥದು. ಅದನ್ನು ಬದಲಿಸಿದಾಗ ಕಟ್ಟಡದ ಅಳತೆ ಬದಲಾಗುವುದಿಲ್ಲ, ಅಕ್ಷರ ಹಿಡಿಯುವ ಜಾಗ ಬದಲಾಗುತ್ತದೆ. ಕಾಗದದ ಮೇಲೆ 2.5 ಮಿ.ಮೀ. ಎತ್ತರದ ಅಕ್ಷರ 1:100ರಲ್ಲಿ ಕಟ್ಟಡದ 250 ಮಿ.ಮೀ. ಆಕ್ರಮಿಸಿದರೆ, 1:50ರಲ್ಲಿ ಅದರ ಅರ್ಧ. ಚಿಕ್ಕ ಬಚ್ಚಲಮನೆಯ ವಿವರಗಳನ್ನು 1:50ರ ಬೇರೆ ನೋಟದಲ್ಲಿ ಕೊಡುವುದು ಇದಕ್ಕಾಗಿಯೇ. ದಿಕ್ಕಿಗೂ ಎರಡು ಆಯ್ಕೆಗಳಿವೆ. ಪ್ರಾಜೆಕ್ಟ್ ನಾರ್ತ್‌ನಲ್ಲಿ ಕಟ್ಟಡ ಹಾಳೆಗೆ ನೇರವಾಗಿ ಕೂರುತ್ತದೆ, ಟ್ರೂ ನಾರ್ತ್‌ನಲ್ಲಿ ನಿಜವಾದ ಉತ್ತರಕ್ಕೆ ತಿರುಗುತ್ತದೆ. ವಾಸ್ತು ನೋಡುವ ಮನೆಯವರಿಗೆ ತೋರಿಸುವ ಹಾಳೆಯಲ್ಲಿ ಉತ್ತರದ ಬಾಣ ಯಾವುದನ್ನು ಹೇಳುತ್ತಿದೆ ಎಂಬುದು ಖಚಿತವಾಗಿರಬೇಕು.

ಇಷ್ಟೆಲ್ಲ ಹೊಂದಿಸಿದ ನೋಟವನ್ನು ವ್ಯೂ ಟೆಂಪ್ಲೇಟ್ ಆಗಿ ಉಳಿಸಿದರೆ ಉಳಿದ ಮಹಡಿಗಳಿಗೂ ಒಮ್ಮೆಲೇ ಹಚ್ಚಬಹುದು. ಪ್ಲಾನ್ ರೀಜನ್ ಮಾತ್ರ ಟೆಂಪ್ಲೇಟ್ ಜೊತೆ ಬರುವುದಿಲ್ಲ, ಅದನ್ನು ಆಯಾ ಮಹಡಿಯಲ್ಲೇ ಎಳೆಯಬೇಕು. ಟೆಂಪ್ಲೇಟ್ ಹಚ್ಚಿದ ಪ್ಲಾನ್‌ನಲ್ಲಿ ವ್ಯೂ ರೇಂಜ್‌ನ ಗುಂಡಿ ಮಸುಕಾಗಿ, ಒತ್ತಿದರೂ ತೆರೆಯದೆ ಇದ್ದರೆ ತಂತ್ರಾಂಶ ಕೆಟ್ಟಿಲ್ಲ. ಆ ಎತ್ತರಗಳನ್ನು ಟೆಂಪ್ಲೇಟ್‌ನಲ್ಲೇ ತಿದ್ದಬೇಕು.