ಅಮೃತಬಳ್ಳಿಯೂ ರಸಾಯನಶಾಸ್ತ್ರವೂ

ಶಿರಹಟ್ಟಿ ಸೀಮೆಯವರಿಗೆ ಅಮೃತಬಳ್ಳಿಯನ್ನು ಪರಿಚಯಿಸಬೇಕಾದುದಿಲ್ಲ. ಬೇವಿನ ಮರವನ್ನಪ್ಪಿ ಮೇಲೇರಿ, ನೂಲಿನಂಥ ಬೇರುಗಳನ್ನು ಗಾಳಿಯಲ್ಲಿ ಇಳಿಬಿಡುವ, ಹೃದಯಾಕಾರದ ಎಲೆಗಳುಳ್ಳ ಬಳ್ಳಿಯಿದು. ಔಷಧಿಸಸ್ಯಗಳಿಗೆ ಹೆಸರಾಗಿ, 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡವು ನಮ್ಮ ನೆರೆಯಲ್ಲಿಯೇ ಇದೆ. 2020ರ ಕೊರೋನಾ ಪಿಡುಗಿನಲ್ಲಿ ಈ ಬಳ್ಳಿಯ ಕಷಾಯವನ್ನು ದಿನಾಲು ಕುಡಿದ ಮನೆಗಳೆಷ್ಟೋ! ‘ಇದರ ಗುಣವು ವಿಜ್ಞಾನದಿಂದ ಸಿದ್ಧವಾಗಿದೆ’ ಎಂಬ ಮಾತನ್ನು ನಮ್ಮ ವಿದ್ಯಾರ್ಥಿನಿಯರು ಕೇಳಿಯೇ ಇರುವರು. ಏನು ಸಿದ್ಧವಾಯಿತು, ಯಾವ ರೀತಿಯಿಂದ ಸಿದ್ಧವಾಯಿತು ಎಂಬುದನ್ನು ಇಲ್ಲಿ ವಿಚಾರಿಸೋಣ.

ಎಣ್ಣೆಗಾಯಿಗೆಂದು ಹೆಚ್ಚಿದ ಬದನೆಕಾಯಿಯು ಸ್ವಲ್ಪ ಹೊತ್ತಿನಲ್ಲಿಯೇ ಕಪ್ಪಾಗುವುದನ್ನು ನೀವು ಬಲ್ಲಿರಿ. ಗಾಳಿಯ ಆಮ್ಲಜನಕವು ಅದರೊಳಗಿನ ದ್ರವ್ಯಗಳನ್ನು ಮಾರ್ಪಡಿಸಿದುದರ ಫಲವದು. ನಿಂಬೆರಸ ಹಿಂಡಿದರೆ ತಡವಾಗುತ್ತದೆ. ನಮ್ಮ ಶರೀರದಲ್ಲಿಯೂ ಆಮ್ಲಜನಕದಿಂದ ಜೊತೆಯಿಲ್ಲದ ಇಲೆಕ್ಟ್ರಾನುಳ್ಳ ಚಪಲ ಕಣಗಳು ಹುಟ್ಟುತ್ತವೆ. ಅವುಗಳನ್ನು ಶಾಂತಗೊಳಿಸುವ ದ್ರವ್ಯಕ್ಕೆ ಉತ್ಕರ್ಷಣನಿರೋಧಕವೆಂದು ಹೆಸರು.

ಪರೀಕ್ಷಿಸುವವರು ಬಳ್ಳಿಯ ಕಾಂಡವನ್ನು ನೆರಳಿನಲ್ಲಿ ಒಣಗಿಸಿ, ಪುಡಿಮಾಡಿ, ನೀರಿನಲ್ಲಿ ಅಥವಾ ಮೆಥನಾಲಿನಲ್ಲಿ ನೆನೆಯಿಟ್ಟು ಸಾರವನ್ನು ತೆಗೆಯುವರು. ಬರ್ಬೆರೀನ್, ಪಾಲ್ಮಟೀನ್ ಮುಂತಾದ ಕ್ಷಾರಕಲ್ಪಗಳೂ ಕಹಿಯಾದ ಟರ್ಪೀನುಗಳೂ ಫೀನಾಲುಗಳೂ ಈ ಬಳ್ಳಿಯಲ್ಲಿವೆ. ಆ ಮೇಲೆ ಡಿ.ಪಿ.ಪಿ.ಎಚ್. ಎಂಬ ದ್ರವ್ಯದ ದ್ರಾವಣಕ್ಕೆ ಸಾರವನ್ನು ಬೆರೆಸುವರು. ಈ ದ್ರಾವಣವು ಕಡುನೇರಳೆ ಬಣ್ಣದ್ದು. ನಿರೋಧಕವು ದೊರೆತಂತೆಲ್ಲ ಹಳದಿಗೆ ತಿರುಗುತ್ತದೆ. 517 ನ್ಯಾನೋಮೀಟರಿನ ಬೆಳಕನ್ನು ಹಾಯಿಸಿ ಬಣ್ಣವೆಷ್ಟು ಇಳಿಯಿತೆಂದು ಅಳೆಯುವರು. ಅರ್ಧದಷ್ಟು ಇಳಿಯಲು ಬೇಕಾದ ಸಾರವು ಎಷ್ಟು ಕಡಿಮೆಯೋ ಶಕ್ತಿಯು ಅಷ್ಟು ಹೆಚ್ಚು. ಬಹುಮಟ್ಟಿಗೆ ವಿಟಮಿನ್ ಸಿ.ಯೊಡನೆ ಅದನ್ನು ಹೋಲಿಸುವುದು ವಾಡಿಕೆ. ಪರೀಕ್ಷೆಯು ಸುಂದರವೂ ಅಗ್ಗವೂ ಆಗಿದೆ; ಆದಕಾರಣವೇ ಅತಿಯಾಗಿ ಬಳಕೆಯಲ್ಲಿದೆಯೆಂದು ನನ್ನ ಅಭಿಪ್ರಾಯ.

ಯಾಕಂದರೆ ಗಾಜಿನ ನಳಿಗೆಗೆ ಹೊಟ್ಟೆಯಿಲ್ಲ, ಯಕೃತ್ತಿಲ್ಲ. ನಾವು ನುಂಗಿದುದೆಲ್ಲ ರಕ್ತವನ್ನು ಸೇರುವುದಿಲ್ಲ. ಬರ್ಬೆರೀನು ಕರುಳಿನಿಂದ ಹೀರಲ್ಪಡುವುದು ಅತ್ಯಲ್ಪ. ಸೇರಿದ್ದು ಎಲ್ಲರಿಗೂ ಒಂದೇ ಫಲವನ್ನು ಕೊಡುವುದೂ ಇಲ್ಲ. 2021ರಲ್ಲಿ ಮುಂಬಯಿಯ ವೈದ್ಯರು, ಈ ಬಳ್ಳಿಯನ್ನು ಸೇವಿಸಿದ 6 ಮಂದಿಯ ಯಕೃತ್ತಿಗೆ ಅಪಾಯವಾದುದನ್ನು ವರದಿಮಾಡಿದರು. ಸಸ್ಯವನ್ನು ಸರಿಯಾಗಿ ಗುರುತಿಸಿಲ್ಲವೆಂದು ಆಯುಷ್ ಮಂತ್ರಾಲಯವು ಆಕ್ಷೇಪಿಸಿತು. ಬಳಿಕ 2022ರಲ್ಲಿ, ದೇಶದ 13 ಕೇಂದ್ರಗಳಿಂದ 43 ರೋಗಿಗಳ ವರದಿಯು ಪ್ರಕಟವಾಯಿತು. ಅವರಲ್ಲಿ ಹಲವರ ಶರೀರವು ತನ್ನ ಯಕೃತ್ತನ್ನೇ ಹಗೆಯೆಂದೆಣಿಸಿದಂಥ ಲಕ್ಷಣಗಳಿದ್ದವು. ಕುಡಿದವರ ಸಂಖ್ಯೆಯ ಮುಂದೆ ಇವರು ಕೆಲವರೇ ಸರಿ, ಆದರೆ ನಳಿಗೆಯಲ್ಲಿ ಬಣ್ಣವಿಳಿದ ಪರೀಕ್ಷೆಯಿಂದ ಇವರನ್ನು ಮುಂಗಾಣುವುದು ಸಾಧ್ಯವಿರಲಿಲ್ಲ.

ಮಂತ್ರಾಲಯದ ಆಕ್ಷೇಪದಲ್ಲಿಯೂ ಅರ್ಥವುಂಟು. ಟೈನೋಸ್ಪೋರಾ ಕಾರ್ಡಿಫೋಲಿಯಾ ಎಂಬುದು ನಮ್ಮ ಬಳ್ಳಿ. ಟೈನೋಸ್ಪೋರಾ ಕ್ರಿಸ್ಪಾ ಎಂಬ ಅದರ ದಾಯಾದಿಯ ಎಲೆಯೂ ಹೃದಯಾಕಾರದ್ದೇ. ಕ್ರಿಸ್ಪಾದ ಕಾಂಡದ ಮೇಲೆ ಗಂಟುಗಂಟಾದ ಉಬ್ಬುಗಳು ಹೆಚ್ಚು. ಪುಡಿಯಾದ ಮೇಲೆ ಈ ಭೇದವು ಕಣ್ಣಿಗೆ ಕಾಣಿಸದು.

ಮೊದಲೇ ಯಕೃತ್ತಿನ ಬೇನೆಯುಳ್ಳವರು ವೈದ್ಯರನ್ನು ಕೇಳದೆ ಈ ಕಷಾಯವನ್ನು ಕುಡಿಯತಕ್ಕದ್ದಲ್ಲ. ಕುಡಿಯುತ್ತಿರುವವರ ಕಣ್ಣು ಹಳದಿಯಾದರೆ, ಮೂತ್ರವು ಗಾಢವಾದರೆ, ಕಾಮಣಿಗೆ ಕಹಿಯೇ ಮದ್ದೆಂದು ಇನ್ನಷ್ಟು ಕುಡಿಸದೆ, ಕಷಾಯವನ್ನು ಕೂಡಲೇ ನಿಲ್ಲಿಸಿ, ಕುಡಿದುದೇನೆಂಬುದನ್ನು ಮರೆಮಾಚದೆ ವೈದ್ಯರಿಗೆ ತಿಳಿಸಬೇಕು.