ಚಳಿಗಾಲದಲ್ಲಿ ಕಬ್ಬಿನ ಸಸಿಗಳಿಗೆ ಹಿತ್ತಲಿನ ಸಸಿಮನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಹಾಗೂ ಕಾಗವಾಡ ತಾಲೂಕುಗಳ ನೀರಾವರಿ ಭೂಮಿಗಳಲ್ಲಿ ಕಬ್ಬು ಮುಖ್ಯವಾದ ಪೀಕು. ಜನವರಿ ಮತ್ತು ಫೆಬ್ರುವರಿ ತಿಂಗಳುಗಳ ಸುರು ಹಂಗಾಮಿನ ನಾಟಿಗೆ ಬೇಕಾದ ಸಸಿಗಳನ್ನು ಚಳಿಯ ದಿನಗಳಲ್ಲಿಯೇ ಬೆಳೆಸಬೇಕಾಗುವದು. ಆಗ ಕಣ್ಣುಗಳು ತಡವಾಗಿ ಮೊಳೆಯುವವು. ಹಲವು ಮೊಳೆಯದೆ ಕೊಳೆತುಹೋಗುವವು. ರೈತರು ಇದಕ್ಕೆ ಬೀಜವನ್ನು ದೂರುವರು, ಇಲ್ಲವೆ ನೀರು ಸಾಲದಾಯಿತೆಂದು ಮತ್ತಷ್ಟು ನೀರು ಹಾಕುವರು. ಇದರಿಂದ ಹಾನಿಯು ಹೆಚ್ಚುವದೇ ಹೊರತು ಕಡಿಮೆಯಾಗದು.

ಕಬ್ಬಿನ ಕಣ್ಣು ಚೆನ್ನಾಗಿ ಮೊಳೆಯಲು ಸುಮಾರು 28ರಿಂದ 32 ಅಂಶ ಸೆಂಟಿಗ್ರೇಡ್ ಉಷ್ಣತೆಯು ಬೇಕು. ಅದು 20 ಅಂಶಕ್ಕಿಂತ ಕೆಳಗಿಳಿದರೆ ಮೊಳಕೆಯ ವೇಗವು ಬಹಳವಾಗಿ ಕುಗ್ಗುವದು. ತಂಪಾದ ಮಣ್ಣು ಸದಾ ತೊಯ್ದಿದ್ದರೆ ಅದರಲ್ಲಿ ಗಾಳಿಯಾಡದೆ ಬೂಷ್ಟು ಬೆಳೆಯುವದು. ಆದುದರಿಂದ ಚಳಿಗಾಲದ ಸಸಿಗೆ ಮೊದಲು ಒದಗಿಸತಕ್ಕದ್ದು ಬೆಚ್ಚನೆಯ ಆಶ್ರಯವು.

ಇದರ ಲಾಭವು ಅಲ್ಪವಾದದ್ದಲ್ಲ. ಮೂರು ಕಣ್ಣಿನ ತುಂಡುಗಳ ನಾಟಿಗೆ ಎಕರೆಗೆ ಸುಮಾರು 3 ಟನ್ ಬೀಜದ ಕಬ್ಬು ಮಣ್ಣುಪಾಲಾಗುವದು. 5 ಅಡಿ ಸಾಲು, 2 ಅಡಿ ಅಂತರದಲ್ಲಿ ಸಸಿ ನೆಟ್ಟರೆ ಎಕರೆಗೆ 4356 ಸಸಿಗಳು ಹಿಡಿಯುವವು. ಇಕ್ರಿಸ್ಯಾಟ್ ಮತ್ತು ವಿಶ್ವ ವನ್ಯಜೀವಿ ನಿಧಿಗಳ ಜಂಟಿ ಯೋಜನೆಯು 2009ರಲ್ಲಿ ಪ್ರಕಟಿಸಿದ ಪದ್ಧತಿಯು ಎಕರೆಗೆ 5000 ಒಂಟಿ ಕಣ್ಣುಗಳನ್ನು ಸಾಕೆಂದು ಹೇಳುವದು. ಉಳಿದ ಕಬ್ಬು ಗಾಣಕ್ಕೋ ಕಾರ್ಖಾನೆಗೋ ಹೋಗಬಲ್ಲದು.

ಸಸಿಮನೆಗೆ ಮನೆಯ ಹಿತ್ತಲಿನಲ್ಲಿ ಅರ್ಧ ಗುಂಟೆ ಸ್ಥಳವು ಸಾಕು. ಮರದ ನೆರಳು ಬೀಳದೆ ಬೆಳಗಿನ ಬಿಸಿಲು ಬರುವ ಜಾಗವನ್ನು ಆರಿಸತಕ್ಕದ್ದು. ಬಿದಿರಿನ ಚೌಕಟ್ಟು ನಿಲ್ಲಿಸಿ, ಸುತ್ತಲೂ ಮೇಲೂ ಪಾಲಿಥೀನ್ ಹಾಳೆಯನ್ನು ಸುತ್ತಿ ಎತ್ತಲು ಬರುವಂತೆ ಕಟ್ಟಬೇಕು. ಬೇಸಿಗೆಯಲ್ಲಿ ಹಾಳೆಯನ್ನು ತೆಗೆದು ನೆರಳು ಪರದೆಯನ್ನು ಹೊದಿಸಬೇಕು. ಚಳಿಗಾಲದಲ್ಲಿ ಪರದೆಯನ್ನು ಹಾಗೆಯೇ ಬಿಟ್ಟರೆ ಸಸಿಗಳು ಬಿಸಿಲು ಕಾಣದೆ ಸೊರಗುವವು.

ರೋಗವಿಲ್ಲದ ಎಳೆಯ ಬೀಜದ ಕಬ್ಬಿನಿಂದ ಕಣ್ಣುಗಳನ್ನು ತೆಗೆದು, ಲೀಟರ್ ನೀರಿಗೆ 1 ಗ್ರಾಂ ಕಾರ್ಬೆಂಡಜಿಮ್ ಬೆರೆಸಿದ ದ್ರಾವಣದಲ್ಲಿ 10ರಿಂದ 15 ನಿಮಿಷ ಅದ್ದಬೇಕು. ಈ ಕೆಲಸ ಮಾಡುವವರು ಕೈಚೀಲ ಧರಿಸುವದು ಅವಶ್ಯವು. 50 ಗುಣಿಗಳ 100 ಟ್ರೇಗಳಲ್ಲಿ ತೆಂಗಿನ ನಾರಿನ ಪುಡಿಯನ್ನು ತುಂಬಿ, ಕಣ್ಣು ಮೇಲ್ಮುಖವಾಗಿರುವಂತೆ ಇಡಬೇಕು. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ, ಹಾಳೆಯಿಂದ ಬಿಗಿಯಾಗಿ ಸುತ್ತಿ, 5ರಿಂದ 8 ದಿನ ಕದಲಿಸದೆ ಬಿಡುವದು. ಒಳಗಿನ ಸೆಕೆ ಹಾಗೂ ತೇವದಿಂದ ಮೊದಲು ಬಿಳಿ ಬೇರುಗಳೂ ತರುವಾಯ ಮೊಳಕೆಯೂ ಹೊರಡುವವು. ಚಳಿಯು ತೀವ್ರವಾಗಿದ್ದರೆ ಆ ಕೋಣೆಯಲ್ಲಿ ವಿದ್ಯುದ್ದೀಪವನ್ನು ಉರಿಸಿ ಬೆಚ್ಚಗಿಡಬಹುದು.

ಮೊಳಕೆಯೊಡೆದ ಟ್ರೇಗಳನ್ನು ಸಸಿಮನೆಯಲ್ಲಿ ನೆಲದ ಮೇಲೆ ಹರಡಬೇಕು. ಸಂಜೆ ಹಾಳೆಯನ್ನು ಇಳಿಸಿ, ಬಿಸಿಲೇರಿದೊಡನೆ ಎತ್ತಬೇಕು. ಇದನ್ನು ಮರೆತರೆ ನಡು ಹಗಲಿನಲ್ಲಿ ಸಸಿಗಳು ಬೇಯುವವು. ನೀರನ್ನು ಬೆಳಿಗ್ಗೆ ಮಾತ್ರ, ಪುಡಿಯನ್ನು ಕೈಯಿಂದ ಮುಟ್ಟಿ ನೋಡಿ ಕೊಡತಕ್ಕದ್ದು.

ಮನೆಯ ಹೆಣ್ಣುಮಕ್ಕಳು ಇದೇ ಚೌಕಟ್ಟಿಗೆ ಹೂಬಳ್ಳಿಯ ತೂಗುಬುಟ್ಟಿಗಳನ್ನು ಕಟ್ಟುವದುಂಟು. ಅದಕ್ಕೆ ಅಡ್ಡಿಯಿಲ್ಲ. ಸುತ್ತಲೂ ಗಾಳಿಯಾಡುವದರಿಂದ ಬುಟ್ಟಿಗಳು ಬೇಗನೆ ಒಣಗಿ ಹೆಚ್ಚು ನೀರು ಬೇಡುವವು. ಅವುಗಳಿಂದ ತೊಟ್ಟಿಕ್ಕುವ ನೀರು ಕಬ್ಬಿನ ಸಸಿಗಳ ಮೇಲೆ ಬೀಳಬಾರದು. ಆದುದರಿಂದ ಅವನ್ನು ನಡೆದಾಡುವ ದಾರಿಯ ಮೇಲೆಯೇ ತೂಗುಹಾಕುವದು ಯೋಗ್ಯವು.

ಸಸಿಗಳು ಸಾಧಾರಣ ಕಾಲದಲ್ಲಿ 25ರಿಂದ 35 ದಿನಗಳಲ್ಲಿ ನಾಟಿಗೆ ಸಿದ್ಧವಾಗುವವು. ಚಳಿಯಲ್ಲಿ ಇನ್ನೂ ಕೆಲವು ದಿನ ಹಿಡಿಯುವದು. ಈ ಲೆಕ್ಕವನ್ನು ನಾಟಿಯ ದಿನದಿಂದ ಹಿಂದಕ್ಕೆ ಎಣಿಸಿ ಕೆಲಸವನ್ನು ಆರಂಭಿಸಬೇಕು. ನಾಟಿಗೆ ಮುಂಚೆ ಕೆಲವು ದಿನ ರಾತ್ರಿಯೂ ಹಾಳೆಯನ್ನು ಎತ್ತಿಟ್ಟು ಸಸಿಗಳನ್ನು ಹೊರಗಿನ ಹವೆಗೆ ಒಗ್ಗಿಸತಕ್ಕದ್ದು. ಊರಿನ ಮುಖಂಡರು ಮೊದಲು ತಮ್ಮ ಹಿತ್ತಲಿನಲ್ಲಿ ಒಂದು ಎಕರೆಗೆ ಬೇಕಾಗುವಷ್ಟು ಸಸಿಗಳನ್ನು ಬೆಳೆಸಿ ತೋರಿಸಿದರೆ, ಸಣ್ಣ ಹಿಡುವಳಿಯ ರೈತರು ಕಣ್ಣಾರೆ ಕಂಡು ಅನುಸರಿಸುವರು.