ಕೇಳಿ ಮಾಡಿದ ಕಾಲುದಾರಿ

ನಾಲ್ಕು ವರ್ಷದ ಹಿಂದೆ ನಾವು ಐದಾರು ಮನೆಯವರು ಸೇರಿ ಒಂದು ಯೋಚನೆ ಮಾಡಿದ್ದೆವು. ತೋಟ, ಗುಡ್ಡ, ಹೊಳೆಬದಿಯಾಗಿ ಒಂದು ಸುತ್ತು ಕಾಲುದಾರಿ. ಪೇಟೆಯವರು ನಡೆದು ಬಂದು ಒಂದೊಂದು ರಾತ್ರಿ ಒಂದೊಂದು ಮನೆಯಲ್ಲಿ ಉಳಿಯಬೇಕು. ನಕ್ಷೆಯೂ ಆಯಿತು. ನಡುವೆ ಜಮೀನಿದ್ದ ನೆರೆಯವರನ್ನು ಮಾತ್ರ ಕೇಳಿರಲಿಲ್ಲ. ಮೊದಲ ತಂಡ ಬಂದ ದಿನವೇ ಅವರು ತಡಮೆಗೆ ಮುಳ್ಳು ಹಾಕಿದರು. "ನನ್ನ ತೋಟದಲ್ಲಿ ಯಾರಾದ್ರೂ ಜಾರಿ ಬಿದ್ರೆ ಕೋರ್ಟಿಗೆ ಅಲೆಯೋದು ನಾನಾ?" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಉತ್ತರ ಸಿಕ್ಕಿದ್ದು ಕಳೆದ ವರ್ಷ, ಐರ್ಲೆಂಡಿನಲ್ಲಿ. ಮಗಳು ಅಲ್ಲಿನ ಕಾರ್ಕ್ ನಗರದಲ್ಲಿ ನರ್ಸ್. ಅಲ್ಲಿಂದ ಪಶ್ಚಿಮಕ್ಕೆ ಬ್ಯಾಂಟ್ರಿ ಪೇಟೆ. ಅದರಾಚೆ ಎರಡು ಕೊಲ್ಲಿಗಳ ನಡುವೆ ಸಮುದ್ರಕ್ಕೆ ಚಾಚಿದ ಸಪೂರ ನೆಲವೇ ಶೀಪ್ಸ್ ಹೆಡ್. ಕುರಿ, ದನ ಸಾಕುವವರ ಊರು. ಅದನ್ನು ಸುತ್ತಿ ಬರುವ ಸುಮಾರು 90 ಕಿ.ಮೀ. ಕಾಲುದಾರಿಯನ್ನು 1996ರಲ್ಲಿ ಆಗಿನ ರಾಷ್ಟ್ರಾಧ್ಯಕ್ಷೆ ಮೇರಿ ರಾಬಿನ್ಸನ್ ಉದ್ಘಾಟಿಸಿದ್ದರು.

ಎರಡು ದಿನ ನಡೆದೆ. ಕಂಬಗಳಲ್ಲಿ ನಡೆಯುವ ಮನುಷ್ಯನ ಹಳದಿ ಗುರುತು. ಬೇಲಿ ಬಂದಲ್ಲಿ ನಮ್ಮ ತಡಮೆಯಂಥದ್ದೇ ಮೆಟ್ಟಿಲು. ಮನುಷ್ಯ ದಾಟಬಹುದು, ಕುರಿ ದಾಟದು. ಸುತ್ತುದಾರಿಯ ಲಾಭ ಆಗ ಅರ್ಥವಾಯಿತು. ಹೋದ ದಾರಿಯಲ್ಲೇ ಮರಳಬೇಕಿಲ್ಲ, ಕೊನೆಗೆ ಹೊರಟ ಪೇಟೆಗೇ ಬರುತ್ತೇವೆ. ನಡುವಿನ ಕಿಲ್‌ಕ್ರೊಹೇನ್, ಅಹಕಿಸ್ಟಾ, ಡರಸ್‌ನಂಥ ಸಣ್ಣ ಊರುಗಳಿಗೂ ನಾಲ್ಕು ಕಾಸು ಸಿಗುತ್ತದೆ.

ದಾರಿಯ ಬಹುಪಾಲು ಖಾಸಗಿ ಜಮೀನು. ಅಲ್ಲಿ ನಡೆಯುವುದು ಸಾರ್ವಜನಿಕರ ಹಕ್ಕಲ್ಲ. ಒಬ್ಬೊಬ್ಬ ರೈತನ ಒಪ್ಪಿಗೆಯ ಮೇಲೆ ದಾರಿ ನಿಂತಿದೆ. ನೆರೆಯವರ ಪ್ರಶ್ನೆಗೂ ಉತ್ತರವಿತ್ತು. 1995ರ ಅಲ್ಲಿನ ಕಾನೂನಿನಂತೆ, ಬೇಕೆಂದೇ ಹಾನಿ ಮಾಡದಿದ್ದರೆ, ತೀರಾ ಬೇಜವಾಬ್ದಾರಿ ತೋರದಿದ್ದರೆ, ನಡೆಯಲು ಬಂದವರು ಬಿದ್ದದ್ದಕ್ಕೆ ಜಮೀನಿನವ ಸಾಮಾನ್ಯವಾಗಿ ಹೊಣೆಯಲ್ಲ. 2008ರಲ್ಲಿ ಶುರುವಾದ ಸರಕಾರಿ ಯೋಜನೆಯಲ್ಲಿ ದಾರಿ ಸವರಿ, ಮೆಟ್ಟಿಲು ರಿಪೇರಿ ಮಾಡುವ ರೈತನಿಗೆ ಕೆಲಸದ ಗಂಟೆ ಲೆಕ್ಕದಲ್ಲಿ ಹಣವಿದೆ. ಅತಿಥಿಗಳನ್ನು ಇಟ್ಟುಕೊಳ್ಳದವನಿಗೂ ಒಂದು ಪಾಲು ಬಂದಂತಾಯಿತು.

ಅಂಥ ಕಾನೂನು, ಹಣ ನಮಗೂ ಬರಲೆಂದು ಕಾಯುತ್ತ ಕೂತರೆ ಆಗದು. ಕೇಳುವುದಕ್ಕಂತೂ ಖರ್ಚಿಲ್ಲ. ಊರಿಗೆ ಬಂದವ ಮೊದಲು ಹೋದದ್ದು ನೆರೆಯವರ ಜಗಲಿಗೆ. ಕೇಳದೆ ನಕ್ಷೆ ಮಾಡಿದ್ದು ತಪ್ಪಾಯಿತು ಎಂದೆ. ಕೊಯ್ಲಿನ ಸಮಯ, ಮದ್ದು ಬಿಡುವ ದಿನ ದಾರಿ ಬಂದ್. ನಾಯಿ, ಬಾಟ್ಲಿ ತರಬಾರದು. ಬಂದವರ ತಲೆ ಲೆಕ್ಕದಲ್ಲಿ ತನಗೂ ಸಲ್ಲಬೇಕು. ಷರತ್ತು ಅವರೇ ಹೇಳಿದರು, ನಾನು ಬರೆದುಕೊಂಡೆ. "ನೋಡುವಾ" ಎಂದಿದ್ದಾರೆ. ಮುಳ್ಳು ಇನ್ನೂ ತೆಗೆದಿಲ್ಲ.

ನಿಮ್ಮೂರಲ್ಲೂ ಇಂಥ ದಾರಿಯ ಯೋಚನೆ ಇದ್ದರೆ, ನಕ್ಷೆ ಆಮೇಲೆ. ಮೊದಲು ನೆರೆಮನೆಗೆ ಹೋಗಿ.